ಸ್ನೇಹಕೂಟದ ಟಿಕೆಟ್ ಯಾರು ಕೊಟ್ಟದ್ದು? ಚೀನಾ ಜತೆಗಿನ ಸಂಸದೀಯ ನಂಟಿನ ಒಳಲೆಕ್ಕ

2021ರ ಸೆಪ್ಟೆಂಬರ್ 15ರಂದು, ಥೇಮ್ಸ್ ನದಿಗೆ ಮುಖ ಮಾಡಿದ ಬ್ರಿಟಿಷ್ ಸಂಸತ್ತಿನ ಟೆರೇಸ್ ಮೇಲೆ ಒಂದು ಸತ್ಕಾರಕೂಟ ನಡೆಯಬೇಕಿತ್ತು. ಕರೆದದ್ದು ಚೀನಾ ಕುರಿತ ಸರ್ವಪಕ್ಷ ಸಂಸದೀಯ ಗುಂಪು. ಅತಿಥಿ, ಆ ವರ್ಷವೇ ಲಂಡನ್ನಿಗೆ ಬಂದಿದ್ದ ಚೀನಾ ರಾಯಭಾರಿ ಝೆಂಗ್ ಝೆಗ್ವಾಂಗ್. ಹಿಂದಿನ ದಿನವೇ ಕೆಳಮನೆಯ ಸ್ಪೀಕರ್ ಲಿಂಡ್ಸೆ ಹಾಯ್ಲ್ ಮತ್ತು ಮೇಲ್ಮನೆಯ ಸ್ಪೀಕರ್ ಜಾನ್ ಮೆಕ್‌ಫಾಲ್ ರಾಯಭಾರಿಗೆ ಬಾಗಿಲು ಹಾಕಿದರು. ಅದೇ ಮಾರ್ಚ್‌ನಲ್ಲಿ, ಶಿನ್‌ಜಿಯಾಂಗ್‌ನ ಉಯ್ಘರ್ ಮುಸ್ಲಿಮರ ಪರ ದನಿ ಎತ್ತಿದರೆಂದು ಐವರು ಸಂಸದರ ಮತ್ತು ಮೇಲ್ಮನೆಯ ಇಬ್ಬರ ಮೇಲೆ ಚೀನಾ ನಿರ್ಬಂಧ ಹೇರಿತ್ತು. ನಮ್ಮ ಸದಸ್ಯರು ನಿಮ್ಮ ನೆಲಕ್ಕೆ ಕಾಲಿಡುವ ಹಾಗಿಲ್ಲ ಎಂದಾದರೆ ನೀವು ನಮ್ಮ ಅಂಗಳಕ್ಕೆ ಬರುವುದು ಹೇಗೆ ಎಂಬುದು ಸ್ಪೀಕರ್‌ಗಳ ವಾದ.

1997ರಿಂದ ಇರುವ, ಚೀನಾವನ್ನು ಅರಿತು ನಂಟು ಬೆಳೆಸುವುದೇ ಕೆಲಸವೆಂದುಕೊಂಡ ಗುಂಪಿಗೆ ಸ್ವಂತ ಮನೆಯಲ್ಲೇ ಅತಿಥಿಯನ್ನು ಕೂರಿಸಲು ಆಗಲಿಲ್ಲ. ಇಂಥ ಗುಂಪುಗಳ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. ಒಂದು, ಇವು ಬೀಜಿಂಗ್‌ನ ಬಾಲಂಗೋಚಿಗಳು. ಇನ್ನೊಂದು, ಸರ್ಕಾರಗಳು ಮುನಿಸಿಕೊಂಡಾಗ ಮಾತುಕತೆ ಉಳಿಸುವ ಏಕೈಕ ದಾರಿ. ಎರಡರಲ್ಲೂ ಅಷ್ಟಷ್ಟು ನಿಜವಿದೆ. ಆದರೆ ಒಂದು ಗುಂಪು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಸದಸ್ಯರ ಸಿದ್ಧಾಂತವಲ್ಲ. ಕಾರ್ಯದರ್ಶಿಯ ಸಂಬಳ ಯಾರದು, ವಿಮಾನದ ಟಿಕೆಟ್ ಯಾರದು, ಆಹ್ವಾನ ಪತ್ರದ ಕೆಳಗೆ ಸಹಿ ಯಾರದು ಎಂಬ ಬಹಳ ಸಣ್ಣ, ಬಹಳ ಬೇಸರದ ಪ್ರಶ್ನೆಗಳು ಅದನ್ನು ತೀರ್ಮಾನಿಸುತ್ತವೆ.

ಹೆಸರು ಒಂದೇ ಇದ್ದರೂ ಈ ಗುಂಪುಗಳ ಜಾತಿ ಬೇರೆ ಬೇರೆ. ಕೆನಡಾದಲ್ಲಿ 1998ರಿಂದ ಇರುವ ಕೆನಡಾ–ಚೀನಾ ಶಾಸಕಾಂಗ ಸಂಘ ಅಧಿಕೃತ ಸಂಸ್ಥೆ. ಅದರ ಖರ್ಚು ಸಂಸತ್ತಿನ ಬಜೆಟ್‌ನಿಂದ ಬರುತ್ತದೆ, ಲೆಕ್ಕವೂ ಸಂಸತ್ತಿಗೇ. ಬ್ರಿಟನ್ನಿನ ಸರ್ವಪಕ್ಷ ಗುಂಪುಗಳು ಅರೆ ಅಧಿಕೃತ: ಸಂಸತ್ತಿನ ಪಟ್ಟಿಯಲ್ಲಿ ನೋಂದಣಿ ಇರುತ್ತದೆ, ನಿಯಮ ಇರುತ್ತದೆ, ಆದರೆ ಸಂಸತ್ತು ದುಡ್ಡು ಕೊಡುವುದಿಲ್ಲ. ಹಾಗಾಗಿ ಹಣಕ್ಕೆ ಹೊರಗೆ ಕೈ ಚಾಚಬೇಕು. ಜಪಾನಿನ ‘ಗಿರೆನ್’ ಎಂಬ ಸಂಸದರ ಒಕ್ಕೂಟಗಳು ಪೂರ್ತಿ ಸ್ವಯಂಪ್ರೇರಿತ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಚೀನಾ ಜತೆ ವ್ಯವಹರಿಸಲು ಅಧಿಕೃತ ನಿಯೋಗ ಒಂದಿದ್ದರೂ, ಅದರ ಪಕ್ಕದಲ್ಲೇ 2006ರಲ್ಲಿ ‘ಯುರೋಪ್–ಚೀನಾ ಸ್ನೇಹ ಗುಂಪು’ ಎಂಬ ಖಾಸಗಿ ಕೂಟ ಹುಟ್ಟಿಕೊಂಡಿತು. ಹೊರಗಿನವರಿಗೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಖಾಸಗಿ ಕೂಟದ ಅಧ್ಯಕ್ಷರು ಬೀಜಿಂಗ್‌ಗೆ ಹೋಗಿ ಆಡಿದ ಮಾತು ‘ಯುರೋಪಿಯನ್ ಪಾರ್ಲಿಮೆಂಟಿನ ಸ್ನೇಹ ಗುಂಪಿನ ಅಧ್ಯಕ್ಷರ ಹೇಳಿಕೆ’ ಎಂದೇ ಅಲ್ಲಿನ ಮಾಧ್ಯಮಗಳಲ್ಲಿ ಬರುತ್ತಿತ್ತು. ಈ ಗೊಂದಲ ಆಕಸ್ಮಿಕವೇನಲ್ಲ. ಕೂಟದ ಬೆಲೆ ಇದ್ದದ್ದೇ ಅದರಲ್ಲಿ.

ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಬೇಕು. ಚೀನಾದ ಸಂಸತ್ತು ಎನ್ನಲಾಗುವ ನ್ಯಾಷನಲ್ ಪೀಪಲ್ಸ್ ಕಾಂಗ್ರೆಸ್‌ನಲ್ಲಿ ಸುಮಾರು 3,000 ಪ್ರತಿನಿಧಿಗಳಿದ್ದಾರೆ. ಇಡೀ ಸಭೆ ಸೇರುವುದು ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ, ಒಂದೆರಡು ವಾರ. ಉಳಿದ ಕಾಲದಲ್ಲಿ ಸುಮಾರು 170 ಮಂದಿಯ ಸ್ಥಾಯಿ ಸಮಿತಿ ಕೆಲಸ ನಡೆಸುತ್ತದೆ. 2023ರಿಂದ ಅದರ ಅಧ್ಯಕ್ಷರಾಗಿರುವ ಝಾವ್ ಲೆಜಿ ಕಮ್ಯುನಿಸ್ಟ್ ಪಕ್ಷದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯ, ಅಂದರೆ ಪಕ್ಷದ ಅತ್ಯುನ್ನತ ಕೂಟದ, ಏಳು ಮಂದಿಯಲ್ಲಿ ಒಬ್ಬರು. ವಿದೇಶಿ ಸಂಸದರನ್ನು ಬರಮಾಡಿಕೊಳ್ಳುವ ಬಾಗಿಲುಗಳು ಇನ್ನೂ ಇವೆ: ಪಕ್ಷದ ಅಂತರರಾಷ್ಟ್ರೀಯ ಸಂಪರ್ಕ ವಿಭಾಗ, 1949ರಲ್ಲಿ ಹುಟ್ಟಿದ ಚೀನೀ ಜನತಾ ವಿದೇಶಾಂಗ ಸಂಸ್ಥೆ, 1954ರ ವಿದೇಶ ಸ್ನೇಹ ಸಂಘ, ಮತ್ತು ಹೊರದೇಶಗಳಲ್ಲಿರುವ ಚೀನೀ ಮೂಲದವರ ನಡುವೆ ಕೆಲಸ ಮಾಡುವ ಯುನೈಟೆಡ್ ಫ್ರಂಟ್ ವಿಭಾಗ. ಬಾಗಿಲು ನಾಲ್ಕು ಕಂಡರೂ ಒಳಗಿನ ಯಜಮಾನ ಒಬ್ಬನೇ.

ಇತ್ತ ಕಡೆಯ ಸಂಸದ ತನ್ನ ಸರ್ಕಾರವನ್ನು ಬೈಯಬಲ್ಲ, ತನ್ನ ಪಕ್ಷದ ವಿರುದ್ಧ ಮತ ಹಾಕಬಲ್ಲ. ಅತ್ತ ಕಡೆಯ ಪ್ರತಿನಿಧಿಗೆ ಅದು ಆಗದ ಮಾತು. ಆದ್ದರಿಂದ ‘ಸಂಸದರಿಂದ ಸಂಸದರಿಗೆ’ ಎನ್ನುವುದು ಸಮಸಮನಾದ ಸಂಬಂಧವಲ್ಲ. ಒಂದು ಕಡೆ ಬಿಡಿ ವ್ಯಕ್ತಿಗಳು, ಇನ್ನೊಂದು ಕಡೆ ಒಂದು ಸಂಸ್ಥೆ. ಸಂಸ್ಥೆಗೆ ನೆನಪು ದೊಡ್ಡದು. ಯಾವ ಸಂಸದ ಯಾವ ವರ್ಷ ಏನು ಹೇಳಿದ ಎಂಬ ಕಡತ ಅಲ್ಲಿರುತ್ತದೆ. ಬಿಡಿ ವ್ಯಕ್ತಿ ಮುಂದಿನ ಚುನಾವಣೆಯಲ್ಲಿ ಸೋತರೆ ಇತ್ತ ಕಡೆಯ ನೆನಪು ಅಲ್ಲಿಗೇ ಮುಗಿಯುತ್ತದೆ.

ಇಷ್ಟೆಲ್ಲ ಅಸಮತೆ ಇದ್ದೂ ಇಂಥ ಗುಂಪು ನಿಜವಾದ ಕೆಲಸ ಮಾಡಿದ ಉದಾಹರಣೆ ಬೇಕಾದರೆ ಜಪಾನಿಗೆ ಹೋಗಬೇಕು. ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲದ ಕಾಲದಲ್ಲಿ, 1962ರ ನವೆಂಬರ್‌ನಲ್ಲಿ, ಚೀನಾದ ಲಿಯಾವ್ ಚೆಂಗ್‌ಝಿ ಮತ್ತು ಜಪಾನಿನ ಆಡಳಿತ ಪಕ್ಷದ ಹಿರಿಯ ತಕಾಸಾಕಿ ತತ್ಸುನೊಸುಕೆ ಒಂದು ವ್ಯಾಪಾರ ಒಡಂಬಡಿಕೆಗೆ ಸಹಿ ಹಾಕಿದರು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ‘ಎಲ್‌ಟಿ ವ್ಯಾಪಾರ’ ಎಂದರು. ಎರಡು ವರ್ಷದಲ್ಲಿ ಟೋಕಿಯೊ ಮತ್ತು ಬೀಜಿಂಗ್‌ನಲ್ಲಿ ಸಂಪರ್ಕ ಕಚೇರಿಗಳು ತೆರೆದವು, ಪತ್ರಕರ್ತರ ವಿನಿಮಯವೂ ಶುರುವಾಯಿತು. ಹೆಸರಿಗೆ ಖಾಸಗಿ, ಕೆಲಸದಲ್ಲಿ ಅರೆ ಸರ್ಕಾರಿ.

1970ರ ಡಿಸೆಂಬರ್‌ನಲ್ಲಿ ಫುಜಿಯಾಮಾ ಐಇಚಿರೊ ಅವರ ಅಧ್ಯಕ್ಷತೆಯಲ್ಲಿ ಎಲ್ಲ ಪಕ್ಷಗಳ 379 ಸಂಸದರು ಸೇರಿ ಚೀನಾ ಜತೆ ಸಂಬಂಧ ಮರುಸ್ಥಾಪನೆಗೆ ಒಕ್ಕೂಟ ಕಟ್ಟಿದರು. ಆಗ ಪ್ರಧಾನಿಯಾಗಿದ್ದ ಸಾಟೊ ಎಇಸಾಕು ಅವರ ಸರ್ಕಾರ ತೈವಾನಿನ ಪರವಾಗಿತ್ತು. ಅಂದರೆ ಆಡಳಿತ ಪಕ್ಷದ ಸಂಸದರೇ ತಮ್ಮ ಸರ್ಕಾರದ ನಿಲುವಿಗೆ ಎದುರಾಗಿ ಪಟ್ಟಿಯಲ್ಲಿ ಹೆಸರು ಬರೆಸಿದರು. 1972ರ ಜುಲೈನಲ್ಲಿ ತನಾಕಾ ಕಾಕುಎಇ ಪ್ರಧಾನಿಯಾದರು. ಅದೇ ತಿಂಗಳ ಕೊನೆಗೆ ವಿರೋಧ ಪಕ್ಷವಾದ ಕೊಮೆಇತೊದ ನಾಯಕ ತಕೆಇರಿ ಯೊಶಿಕಾತ್ಸು ಬೀಜಿಂಗ್‌ಗೆ ಹೋಗಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ಜತೆ ಮೂರು ದಿನ ಕೂತು ಮಾತಾಡಿದರು. ಚೀನಾ ಯುದ್ಧ ಪರಿಹಾರ ಕೇಳುವುದಿಲ್ಲ, ಜಪಾನ್–ಅಮೆರಿಕ ಭದ್ರತಾ ಒಪ್ಪಂದವನ್ನು ತಕರಾರಿನ ವಿಷಯ ಮಾಡುವುದಿಲ್ಲ ಎಂಬ ಅಂಶಗಳನ್ನು ಕೈಬರಹದಲ್ಲಿ ಟಿಪ್ಪಣಿ ಮಾಡಿಕೊಂಡು ಬಂದರು. ‘ತಕೆಇರಿ ಟಿಪ್ಪಣಿ’ ಎಂದೇ ಹೆಸರಾದ ಆ ಹಾಳೆಗಳನ್ನು ಓದಿದ ಮೇಲೆ ತನಾಕಾಗೆ ಧೈರ್ಯ ಬಂತು. ಸೆಪ್ಟೆಂಬರ್ 29ರಂದು ಬೀಜಿಂಗ್‌ನಲ್ಲಿ ಜಂಟಿ ಹೇಳಿಕೆಗೆ ಸಹಿ ಬಿತ್ತು. 1973ರ ಏಪ್ರಿಲ್‌ನಲ್ಲಿ ಜಪಾನ್–ಚೀನಾ ಸ್ನೇಹ ಸಂಸದರ ಒಕ್ಕೂಟ ರೂಪುಗೊಂಡಿತು. ಅದು ಈಗಲೂ ಇದೆ.

ಇದು ಫಲಿಸಿದ್ದು ಯಾಕೆ? ಟಿಪ್ಪಣಿ ಹಿಡಿದು ಬಂದವರು ವಿರೋಧ ಪಕ್ಷದವರು, ಆದರೆ ಅದನ್ನು ಓದಲು ಕಾದಿದ್ದ ಪ್ರಧಾನಿ ಇದ್ದರು. ಮಾತಿನಲ್ಲಿ ವಿಷಯ ಇತ್ತು: ಪರಿಹಾರ, ಭದ್ರತಾ ಒಪ್ಪಂದ, ತೈವಾನ್. ಮತ್ತು ಅದು ಕಾಗದದ ಮೇಲಿತ್ತು. ಈ ಮೂರರಲ್ಲಿ ಮೊದಲನೆಯದು, ಅಂದರೆ ಕಿವಿಗೊಡಲು ಕಾದಿರುವ ಸರ್ಕಾರ, ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಜಪಾನೇ ಸಾಕ್ಷಿ.

ಫುಕುಶಿಮಾ ಅಣು ಸ್ಥಾವರದ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡಲು ಶುರು ಮಾಡಿದ 2023ರ ಆಗಸ್ಟ್ 24ರಂದೇ ಚೀನಾ ಜಪಾನಿನ ಎಲ್ಲ ಮೀನು, ಸಿಗಡಿ, ಸ್ಕಾಲಪ್ ಚಿಪ್ಪುಮಾಂಸದ ಆಮದು ನಿಲ್ಲಿಸಿತು. ಮರುವರ್ಷದ ಆಗಸ್ಟ್ ಕೊನೆಗೆ ಒಕ್ಕೂಟದ ಅಂದಿನ ಅಧ್ಯಕ್ಷ ನಿಕಾಯ್ ತೊಶಿಹಿರೊ ನಿಯೋಗದೊಂದಿಗೆ ಬೀಜಿಂಗ್‌ಗೆ ಹೋದರು. ಈ ನಿಕಾಯ್ ಸಾಮಾನ್ಯರಲ್ಲ. 2015ರಲ್ಲಿ ಸುಮಾರು 3,000 ಜಪಾನೀಯರನ್ನು ಕರೆದುಕೊಂಡು ಹೋಗಿ ಬೀಜಿಂಗ್‌ನ ಮಹಾಸಭಾಭವನ ತುಂಬಿಸಿದವರು. ಅಂಥವರು ಹೊರಡುವ ಹಿಂದಿನ ದಿನ, ಆಗಸ್ಟ್ 26ರಂದು, ಚೀನಾದ ವೈ–9 ಬೇಹುಗಾರಿಕೆ ವಿಮಾನ ನಾಗಸಾಕಿ ಬಳಿಯ ದಾಂಜೊ ದ್ವೀಪಗಳ ಮೇಲೆ ಜಪಾನಿನ ವಾಯುಗಡಿ ದಾಟಿತ್ತು. ಮೀನಿನ ಮಾತಿಗೆ ಹೋದವರು ವಿಮಾನದ ಮಾತನ್ನೂ ಆಡಬೇಕಾಯಿತು. ಆಮದಿನ ಬಗ್ಗೆ ತಿಳಿವಳಿಕೆ ಪ್ರಕಟವಾದದ್ದು ಸೆಪ್ಟೆಂಬರ್ 20ರಂದು, ಸರ್ಕಾರಗಳ ಮಟ್ಟದಲ್ಲಿ. 2025ರ ಏಪ್ರಿಲ್‌ನಲ್ಲಿ ಹೊಸ ಅಧ್ಯಕ್ಷ ಮೊರಿಯಾಮಾ ಹಿರೊಶಿ ಹೋಗಿ ಝಾವ್ ಲೆಜಿಯನ್ನು ಕಂಡು ಮೀನಿನ ಜತೆಗೆ ಪಾಂಡಾಗಳನ್ನೂ ಕೇಳಿ ಬಂದರು. ಜೂನ್ ಕೊನೆಗೆ ಹತ್ತು ಪ್ರಾಂತ್ಯಗಳನ್ನು ಬಿಟ್ಟು ಉಳಿದ ಕಡೆಯ ಮೀನಿಗೆ ಬಾಗಿಲು ತೆರೆಯಿತು. ಕೆಲಸ ಆಯಿತು ಎನ್ನುವಷ್ಟರಲ್ಲಿ, ನವೆಂಬರ್‌ನಲ್ಲಿ ಪ್ರಧಾನಿ ತಕಾಇಚಿ ಸನಾಎ ತೈವಾನ್ ಬಗ್ಗೆ ಸಂಸತ್ತಿನಲ್ಲಿ ಆಡಿದ ಒಂದು ಮಾತಿಗೆ ಬಾಗಿಲು ಮತ್ತೆ ಮುಚ್ಚಿತು.

ಮೀನು ಬಿಟ್ಟದ್ದೂ ಸರ್ಕಾರ, ತಡೆದದ್ದೂ ಸರ್ಕಾರ. ಒಕ್ಕೂಟ ಮಾಡಿದ್ದು ಮಧ್ಯೆ ನೆಲ ಹದ ಮಾಡುವ ಕೆಲಸ. ಅದು ಕಡಿಮೆಯೇನಲ್ಲ, ಆದರೆ ಅದಕ್ಕಿಂತ ಹೆಚ್ಚೂ ಅಲ್ಲ. ಜಪಾನೀಯರಿಗೆ ಈ ಮಿತಿ ಗೊತ್ತು. 2021ರ ನವೆಂಬರ್‌ನಲ್ಲಿ ಹಯಾಶಿ ಯೊಶಿಮಾಸಾ ವಿದೇಶಾಂಗ ಸಚಿವರಾದಾಗ ಮೊದಲು ಮಾಡಿದ ಕೆಲಸವೆಂದರೆ ಒಕ್ಕೂಟದ ಅಧ್ಯಕ್ಷ ಸ್ಥಾನ ಬಿಟ್ಟದ್ದು. ಅನಗತ್ಯ ಅಪಾರ್ಥ ಬೇಡ ಎಂಬುದು ಅವರು ಕೊಟ್ಟ ಕಾರಣ.

ಇನ್ನು ಹಣದ ಮಾತು.

2022ರ ಜನವರಿ 13ರಂದು ಬ್ರಿಟನ್ನಿನ ಎಂಐ5 ಬೇಹು ಸಂಸ್ಥೆ ಸಂಸದರಿಗೆಲ್ಲ ಒಂದು ಎಚ್ಚರಿಕೆ ಕಳಿಸಿತು. ಲಂಡನ್ನಿನ ವಕೀಲೆ ಕ್ರಿಸ್ಟೀನ್ ಲೀ ಯುನೈಟೆಡ್ ಫ್ರಂಟ್ ವಿಭಾಗದ ಪರವಾಗಿ ರಾಜಕೀಯದಲ್ಲಿ ಕೈಯಾಡಿಸುತ್ತಿದ್ದಾರೆ ಎಂಬುದು ಅದರ ಸಾರ. ಆಗಲೇ ವಿಸರ್ಜನೆಯಾಗಿದ್ದ ‘ಬ್ರಿಟನ್ನಿನ ಚೀನೀಯರು’ ಎಂಬ ಸರ್ವಪಕ್ಷ ಗುಂಪಿನ ಜತೆ ಅವರ ಒಡನಾಟವಿತ್ತು. ಒಬ್ಬ ಹಿರಿಯ ಸಂಸದರ ಕಚೇರಿಯ ಸಿಬ್ಬಂದಿ ಖರ್ಚಿಗೆ ಅವರ ಸಂಸ್ಥೆಯಿಂದ ವರ್ಷಗಳ ಅವಧಿಯಲ್ಲಿ 4 ಲಕ್ಷ ಪೌಂಡಿಗೂ ಮಿಕ್ಕಿ ಹಣ ಬಂದಿತ್ತು. ಲೀ ಆರೋಪ ಅಲ್ಲಗಳೆದು ನ್ಯಾಯಮಂಡಳಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ಮಂಡಳಿ ಎಂಐ5 ಪರ ತೀರ್ಪು ಕೊಟ್ಟಿತು. ಗಮನಿಸಬೇಕಾದ್ದು ಬೇರೆಯೇ ಇದೆ. ಆ ದೇಣಿಗೆಗಳೆಲ್ಲ ನಿಯಮದ ಪ್ರಕಾರ ಸಾರ್ವಜನಿಕ ವಹಿಯಲ್ಲಿ ಬರೆದಿಟ್ಟವೇ. ವಹಿ ಕೇಳುವುದು ಕೊಟ್ಟವರ ಹೆಸರನ್ನು. ಕೊಟ್ಟವರಿಗೆ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಬಹಿರಂಗಪಡಿಸಿದ ಮಾತ್ರಕ್ಕೆ ವಿಷಯ ಬಯಲಾಯಿತು ಎಂದುಕೊಂಡದ್ದೇ ಅಲ್ಲಾದ ತಪ್ಪು.

ಬ್ರಿಟನ್ ನಿಯಮಗಳನ್ನು ಬಿಗಿ ಮಾಡಿದ್ದು 2024ರ ಮಾರ್ಚ್ 31ರಿಂದ. ಒಂದು ಕಾಲಕ್ಕೆ ಅಲ್ಲಿ 700ಕ್ಕೂ ಹೆಚ್ಚು ಸರ್ವಪಕ್ಷ ಗುಂಪುಗಳಿದ್ದವು. ಎಷ್ಟೋ ಗುಂಪಿಗೆ ಸಂಸದರಿಗಿಂತ ಜನಸಂಪರ್ಕ ಏಜೆನ್ಸಿಯೇ ಯಜಮಾನ. ಈಗ ಒಂದು ಗುಂಪಿಗೆ ನಾಲ್ಕೇ ಪದಾಧಿಕಾರಿಗಳು, ಒಬ್ಬ ಸಂಸದ ಆರಕ್ಕಿಂತ ಹೆಚ್ಚು ಗುಂಪುಗಳಲ್ಲಿ ಪದಾಧಿಕಾರಿಯಾಗುವಂತಿಲ್ಲ. ವಿದೇಶಿ ಸರ್ಕಾರ ಗುಂಪಿನ ಕಾರ್ಯದರ್ಶಿ ಕಚೇರಿ ನಡೆಸುವಂತಿಲ್ಲ, ಅದಕ್ಕೆ ಹಣ ಕೊಡುವಂತೆಯೂ ಇಲ್ಲ. ವರ್ಷಕ್ಕೆ 1,500 ಪೌಂಡ್ ಮೀರಿದ ಹೊರಗಿನ ನೆರವಿದ್ದರೆ ಹೆಚ್ಚಿನ ಷರತ್ತು, 12,500 ಮೀರಿದರೆ ಆದಾಯ–ಖರ್ಚಿನ ಪಟ್ಟಿ ಪ್ರಕಟಿಸಬೇಕು. 2025ರ ಜುಲೈ 1ರಿಂದ ವಿದೇಶಿ ಪ್ರಭಾವ ನೋಂದಣಿ ಯೋಜನೆಯೂ ಜಾರಿಗೆ ಬಂದಿದೆ: ವಿದೇಶಿ ಶಕ್ತಿಯ ಸೂಚನೆಯ ಮೇರೆಗೆ ಸಂಸದರ ಮೇಲೆ ಪ್ರಭಾವ ಬೀರುವವರು 28 ದಿನಗಳಲ್ಲಿ ಹೆಸರು ನೋಂದಾಯಿಸಬೇಕು. ಬಿಗಿ ತಪಾಸಣೆಯ ಪಟ್ಟಿಗೆ ಮೊದಲು ಸೇರಿದ್ದು ರಷ್ಯಾ ಮತ್ತು ಇರಾನ್; ಚೀನಾವನ್ನು ಹೊರಗೇ ಇಟ್ಟರು. ವ್ಯಾಪಾರದ ಮುಲಾಜು ಇಲ್ಲದೆ ಇದು ಆಯಿತೆಂದು ನಂಬುವುದು ಕಷ್ಟ.

ಯುರೋಪಿಯನ್ ಪಾರ್ಲಿಮೆಂಟಿನ ಸ್ನೇಹ ಗುಂಪಿನ ಕತೆ ಚಿಕ್ಕದು. ಪತ್ರಿಕೆಗಳು ಕೆದಕತೊಡಗಿದ ಮೇಲೆ ಅದು ಚಟುವಟಿಕೆ ನಿಲ್ಲಿಸಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸದಸ್ಯರಿಗೆ ಕತಾರ್ ಲಂಚ ಕೊಟ್ಟಿತೆಂಬ ಹಗರಣ ಸಿಡಿದು, ಮರುವರ್ಷ ಪಾರ್ಲಿಮೆಂಟ್ ಇಂಥ ಅನಧಿಕೃತ ಗುಂಪುಗಳಿಗೇ ಕಡಿವಾಣ ಹಾಕಿತು. ಆದರೆ ಯುರೋಪಿನಲ್ಲಿ ಚೀನಾದ ಸ್ನೇಹಿತರಿಗೆ ದೊಡ್ಡ ಏಟು ಕೊಟ್ಟದ್ದು ಪತ್ರಕರ್ತರೂ ಅಲ್ಲ, ಕತಾರೂ ಅಲ್ಲ, ಸ್ವತಃ ಚೀನಾ. 2020ರ ಡಿಸೆಂಬರ್ 30ರಂದು ಯುರೋಪಿಯನ್ ಒಕ್ಕೂಟ ಮತ್ತು ಚೀನಾ ಏಳು ವರ್ಷ ಕುದಿಸಿದ ಹೂಡಿಕೆ ಒಪ್ಪಂದ ತಾತ್ವಿಕವಾಗಿ ಮುಗಿದಿತ್ತು, ಪಾರ್ಲಿಮೆಂಟಿನ ಒಪ್ಪಿಗೆಯೊಂದು ಬಾಕಿ. ಮೂರು ತಿಂಗಳಲ್ಲಿ ಅದೇ ಪಾರ್ಲಿಮೆಂಟಿನ ಐವರು ಸದಸ್ಯರ ಮೇಲೆ, ಮಾನವ ಹಕ್ಕು ಉಪಸಮಿತಿಯ ಮೇಲೆ ಬೀಜಿಂಗ್ ನಿರ್ಬಂಧ ಹೇರಿತು. 2021ರ ಮೇ 20ರಂದು ಒಪ್ಪಂದವನ್ನು ಕಪಾಟಿಗೆ ಹಾಕುವ ನಿರ್ಣಯಕ್ಕೆ 599 ಮತ ಬಿತ್ತು, ವಿರುದ್ಧ 30. ಸ್ನೇಹ ಗುಂಪುಗಳು ಹದಿನೈದು ವರ್ಷ ಹಂಚಿದ ಊಟ, ಚಹಾ, ಪ್ರವಾಸಗಳ ಫಲವೆಲ್ಲ ಆ 30ರಲ್ಲಿತ್ತು ಅನ್ನಿ! ಐವರ ಮೇಲಿನ ನಿರ್ಬಂಧವನ್ನು ಚೀನಾ ತೆಗೆದದ್ದು 2025ರ ಏಪ್ರಿಲ್‌ನಲ್ಲಿ, ಒಪ್ಪಂದ ಧೂಳು ಹಿಡಿದು ನಾಲ್ಕು ವರ್ಷ ಕಳೆದ ಮೇಲೆ.

ಪ್ರವಾಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಎಡವುವ ಜಾಗಗಳೂ ಕಾಣುತ್ತವೆ. ಸಂಸತ್ತುಗಳ ನಡುವಿನ ಅಧಿಕೃತ ವಿನಿಮಯದಲ್ಲಿ ವಿಮಾನದ ಖರ್ಚು ಹೋಗುವವರದು, ಅಲ್ಲಿನ ಊಟ–ವಸತಿ–ವಾಹನ ಕರೆದವರದು ಎಂಬುದು ರೂಢಿ. ಟಿಕೆಟ್ಟೂ ಕರೆದವರದೇ ಆದಾಗ ಮುಲಾಜು ಶುರು. ‘ಉಂಡ ಮನೆಯ ಜಂತೆ ಎಣಿಸಬಾರದು’ ಎನ್ನುತ್ತೇವೆ. ಸಂಸದನ ಉದ್ಯೋಗವೇ ಜಂತೆ ಎಣಿಸುವುದು. ಎರಡನೆಯದು ದುಭಾಷಿ. ಕರೆದವರ ದುಭಾಷಿಯನ್ನೇ ನಂಬಿದರೆ ಸಭೆಯಲ್ಲಿ ಆಡಿದ ಕಟು ಮಾತು ಚೀನೀ ಭಾಷೆಗೆ ಹೋಗುವಾಗ ಮೆತ್ತಗಾಗುತ್ತದೆ, ಆದದ್ದು ಗೊತ್ತೂ ಆಗುವುದಿಲ್ಲ. ಮೂರನೆಯದು, ಹೆಚ್ಚಿನವರು ಮರೆಯುವಂಥದ್ದು: ಸಭೆಯ ವರದಿ. ಸಭೆ ಮುಗಿದ ದಿನವೇ ಶಿನ್‌ಹುವಾ ಸುದ್ದಿಸಂಸ್ಥೆ ಚೀನಾ ಕಡೆಯ ಸಾರಾಂಶ ಪ್ರಕಟಿಸುತ್ತದೆ. ಅತಿಥಿಗಳು ಒಂದೇ ಚೀನಾ ನೀತಿಗೆ (ತೈವಾನ್ ಬೇರೆ ದೇಶವಲ್ಲ ಎಂಬುದು ಅದರ ಸಾರ) ಬದ್ಧತೆ ತೋರಿದರು ಎಂಬ ಸಾಲು ಅದರಲ್ಲಿ ತಪ್ಪದೆ ಇರಬಹುದು, ಬಂಧಿತರ ಬಗ್ಗೆ ಅವರು ಕೇಳಿದ ಪ್ರಶ್ನೆ ಇರಲಿಕ್ಕಿಲ್ಲ. ನಿಯೋಗ ತನ್ನದೇ ವರದಿಯನ್ನು ಅದೇ ಸಂಜೆ ಹೊರತರದಿದ್ದರೆ ದಾಖಲೆಯಲ್ಲಿ ಉಳಿಯುವುದು ಅದೊಂದೇ.

ಮೊಬೈಲ್, ಲ್ಯಾಪ್‌ಟಾಪ್ ಮನೆಯಲ್ಲಿಟ್ಟು, ಪ್ರವಾಸಕ್ಕೆಂದೇ ಬೇರೆ ಫೋನ್ ಒಯ್ಯುವುದನ್ನು ಈಗ ಎಲ್ಲರೂ ಹೇಳುತ್ತಾರೆ. ಆದರೆ ಊರು ಬಿಡದೆಯೂ ಅಪಾಯ ಬರುತ್ತದೆ. 2020ರ ಜೂನ್‌ನಲ್ಲಿ ಹುಟ್ಟಿದ ‘ಐಪ್ಯಾಕ್’ ಎಂಬ, ಚೀನಾ ಬಗ್ಗೆ ಕಠಿಣ ನಿಲುವಿನ ಅಂತರರಾಷ್ಟ್ರೀಯ ಸಂಸದರ ಕೂಟವನ್ನು ಗುರಿ ಮಾಡಿ 2021ರ ಜನವರಿಯಲ್ಲಿ 400ಕ್ಕೂ ಹೆಚ್ಚು ಖಾತೆಗಳಿಗೆ 1,000ಕ್ಕೂ ಮೀರಿದ ಇಮೇಲ್‌ಗಳನ್ನು ಚೀನಾ ಸರ್ಕಾರದ ನಂಟಿನ ಹ್ಯಾಕರ್‌ಗಳು ಕಳಿಸಿದ್ದರು ಎಂದು 2024ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆರೋಪಪಟ್ಟಿಯಲ್ಲಿ ಹೇಳಿತು. ಆ ಇಮೇಲ್‌ಗಳನ್ನು ತೆರೆದರೆ ಸಾಕು, ಓದುವವರ ಐಪಿ ವಿಳಾಸ, ಬ್ರೌಸರ್, ಸಾಧನದ ವಿವರ ಕಳಿಸಿದವರಿಗೆ ತಲುಪುವ ಏರ್ಪಾಡು ಅದರಲ್ಲಿತ್ತು. 2025ರ ನವೆಂಬರ್‌ನಲ್ಲಿ ಎಂಐ5 ಮತ್ತೊಂದು ಎಚ್ಚರಿಕೆ ಹೊರಡಿಸಿತು: ಲಿಂಕ್ಡ್‌ಇನ್‌ನಲ್ಲಿ ಕೆಲಸ ಕೊಡಿಸುವವರ ವೇಷದಲ್ಲಿ ಸಂಸದರನ್ನು, ಅವರ ಸಿಬ್ಬಂದಿಯನ್ನು ಸಂಪರ್ಕಿಸುವ ಖಾತೆಗಳ ಬಗ್ಗೆ. ಚೀನಾ ಇದನ್ನೆಲ್ಲ ನಿರಾಕರಿಸಿದೆ.

ಭಾರತದಲ್ಲಿ ಈ ಕೆಲಸದ ಚೌಕಟ್ಟು ಭಾರತೀಯ ಸಂಸದೀಯ ಗುಂಪು; 1949ರದು, ಲೋಕಸಭಾ ಸ್ಪೀಕರ್ ಪದನಿಮಿತ್ತ ಅಧ್ಯಕ್ಷರು. ದೇಶವಾರು ಸ್ನೇಹ ಗುಂಪುಗಳು ಅದರಡಿ ಬರುತ್ತವೆ. ಆತಿಥ್ಯದ ವಿಷಯದಲ್ಲಿ ನಮ್ಮ ಕಾನೂನು ಬ್ರಿಟನ್ನಿನದಕ್ಕಿಂತ ಬಿಗಿ. ಅಲ್ಲಿ 300 ಪೌಂಡ್ ಮೀರಿದ ವಿದೇಶ ಪ್ರವಾಸ ಬೇರೆಯವರ ಖರ್ಚಿನದಾದರೆ 28 ದಿನಗಳಲ್ಲಿ ವಹಿಯಲ್ಲಿ ಬರೆಸಿದರಾಯಿತು. ಇಲ್ಲಿ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 6ನೇ ಕಲಮಿನಂತೆ ಶಾಸನಸಭೆಯ ಯಾವ ಸದಸ್ಯನೂ ಕೇಂದ್ರದ ಪೂರ್ವಾನುಮತಿ ಇಲ್ಲದೆ ಹೊರದೇಶದಲ್ಲಿ ವಿದೇಶಿ ಆತಿಥ್ಯ ಒಪ್ಪುವಂತಿಲ್ಲ. ವಿಧಾನಸೌಧದ ಶಾಸಕರಿಗೂ ಇದೇ ನಿಯಮ. ಎಫ್‌ಸಿ–2 ನಮೂನೆಯನ್ನು ಪ್ರವಾಸಕ್ಕೆ ಕನಿಷ್ಠ ಎರಡು ವಾರ ಮುಂಚೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಹಠಾತ್ ಕಾಯಿಲೆಯ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಅದನ್ನೂ ಒಂದು ತಿಂಗಳೊಳಗೆ ತಿಳಿಸಬೇಕು. ಜತೆಗೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ.

ಸೋರಿಕೆ ಇರುವುದು ಪಕ್ಷಗಳ ದಾರಿಯಲ್ಲಿ. 2008ರ ಆಗಸ್ಟ್ 7ರಂದು ಬೀಜಿಂಗ್‌ನಲ್ಲಿ ಕಾಂಗ್ರೆಸ್ ಮತ್ತು ಚೀನಾ ಕಮ್ಯುನಿಸ್ಟ್ ಪಕ್ಷ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. 2011ರಲ್ಲಿ ಬಿಜೆಪಿ ಅಧ್ಯಕ್ಷರಾಗಿದ್ದ ನಿತಿನ್ ಗಡ್ಕರಿಯೂ ಅದೇ ಪಕ್ಷದ ಆಹ್ವಾನದ ಮೇಲೆ ಚೀನಾಕ್ಕೆ ಹೋಗಿ ಬಂದರು. ಪಕ್ಷಗಳು ಮಾತಾಡುವುದರಲ್ಲಿ ಹೊಸದೇನಿಲ್ಲ. ಆದರೆ 2008ರ ಪತ್ರದ ಒಕ್ಕಣೆ ಬಹಿರಂಗವಾಗದ ಕಾರಣ, 2020ರಲ್ಲಿ ಗಲ್ವಾನ್‌ನಲ್ಲಿ 20 ಯೋಧರು ಹುತಾತ್ಮರಾದಾಗ ಅದರಲ್ಲಿ ಏನಿತ್ತೆಂದು ಯಾರು ಏನು ಬೇಕಾದರೂ ಹೇಳುವಂತಾಯಿತು. ಗಲ್ವಾನ್ ನಂತರದ ಚೇತರಿಕೆಯಲ್ಲಿ, 2024ರ ಅಕ್ಟೋಬರ್‌ನ ಗಸ್ತು ಒಪ್ಪಂದ, ಮರುವರ್ಷದ ಕೈಲಾಸ ಮಾನಸಸರೋವರ ಯಾತ್ರೆ, ನೇರ ವಿಮಾನ, ಎಲ್ಲವೂ ಸರ್ಕಾರಗಳ ಮಾತುಕತೆಯ ಫಲವೇ.

ಚೀನಾ ಪರ ಗುಂಪುಗಳ ಎದುರಿಗೆ ಅದನ್ನು ಕೆಣಕುವ ಗುಂಪುಗಳೂ ಇರುತ್ತವೆ. ಇಲ್ಲಿ ಕರ್ನಾಟಕ ನೇರವಾಗಿ ಬರುತ್ತದೆ. ಬೈಲುಕುಪ್ಪೆಯ ಎರಡು, ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಸೇರಿ ಐದು ಟಿಬೆಟನ್ ನೆಲೆಗಳು ನಮ್ಮಲ್ಲಿವೆ. ದೇಶಭ್ರಷ್ಟ ಟಿಬೆಟನ್ ಸಂಸತ್ತಿನ ಮತದಾರರಲ್ಲಿ ದೊಡ್ಡ ಪಾಲು ಇಲ್ಲಿಯವರದು. ಆ ಸಂಸತ್ತಿನ ನಿಯೋಗಕ್ಕೆ 2021ರ ಡಿಸೆಂಬರ್ 22ರಂದು ದೆಹಲಿಯ ಹೋಟೆಲೊಂದರಲ್ಲಿ ಟಿಬೆಟ್ ಕುರಿತ ಸರ್ವಪಕ್ಷ ಸಂಸದೀಯ ವೇದಿಕೆ ಔತಣ ಕೊಟ್ಟಿತು. ಬಂದವರಲ್ಲಿ ರಾಜೀವ್ ಚಂದ್ರಶೇಖರ್, ಜೈರಾಮ್ ರಮೇಶ್, ಕೆ.ಸಿ. ರಾಮಮೂರ್ತಿ ಮೂವರೂ ಆಗ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಇಬ್ಬರು ಬಿಜೆಪಿ, ಒಬ್ಬರು ಕಾಂಗ್ರೆಸ್. ಕೆಲವೇ ದಿನಗಳಲ್ಲಿ ಚೀನಾ ರಾಯಭಾರ ಕಚೇರಿಯ ರಾಜಕೀಯ ಸಲಹೆಗಾರ ಝೌ ಯೊಂಗ್‌ಶೆಂಗ್ ಸಂಸದರಿಗೆ ಪತ್ರ ಬರೆದು ‘ಟಿಬೆಟ್ ಸ್ವಾತಂತ್ರ್ಯ’ ಶಕ್ತಿಗಳಿಗೆ ಬೆಂಬಲ ಕೊಡಬೇಡಿ ಎಂದರು.

ಪತ್ರ ವಿದೇಶಾಂಗ ಸಚಿವಾಲಯಕ್ಕಲ್ಲ, ನೇರ ಸಂಸದರ ಹೆಸರಿಗೇ ಹೋಗಿತ್ತು. ಅದರ ಒಕ್ಕಣೆಯೂ ಧಾಟಿಯೂ ಸರಿಯಲ್ಲ, ಸಂಸದರು ತಮ್ಮ ವಿಚಾರದಂತೆ ನಡೆದುಕೊಳ್ಳುತ್ತಾರೆ ಎಂದು ಸಚಿವಾಲಯ ಉತ್ತರಿಸಿತು. ತನ್ನ ಕಡೆಯ ಪ್ರತಿನಿಧಿಗಳು ಪಕ್ಷದ ಮಾತು ಮೀರದ ದೇಶಕ್ಕೆ, ಇತ್ತ ಕಡೆಯ ಸಂಸದರಿಗೂ ಒಂದು ಕಾಗದ ಬರೆದರೆ ಕೆಲಸವಾದೀತು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂಡಗೋಡಿನ ಡ್ರೆಪುಂಗ್, ಗಾದೆನ್ ಮಠಗಳಿಗೆ ಪಕ್ಷಭೇದವಿಲ್ಲದೆ ನಮ್ಮ ರಾಜಕಾರಣಿಗಳು ಈಗಲೂ ಹೋಗುತ್ತಾರೆ, ಗೌರವದ ಬಿಳಿ ಶಾಲು ‘ಖತಾ’ ಹೊದ್ದು ಬರುತ್ತಾರೆ.